ರೇಖಾಳ ಪ್ರಬಂಧ ಬರೆದವರು ಯಾರು?

“ರೇಖಾ, ಇದು ನೀನೇ ಬರದದ್ದೇನು?”

ಕಳೆದ ವಾರ ಸ್ಟಾಫ್‌ರೂಮಿನಲ್ಲಿ ಈ ಪ್ರಶ್ನೆ ಕೇಳಿದವಳು ನಾನು. ಕೇಳುವಾಗ ದನಿ ತಗ್ಗಿಸಿದ್ದೆ. (ಸಂಶಯವನ್ನು ಮೆಲ್ಲಗೆ ಹೇಳಿದರೆ ಅದು ಸಭ್ಯತೆಯಾಗುತ್ತದೆ ಎಂಬ ನಂಬಿಕೆ ಓದಿದವರಿಗೆಲ್ಲ ಇದೆ.)

ರೇಖಾ ಹಾನಗಲ್ಲಿನ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ. ನಾನು ಅಲ್ಲಿ ಕನ್ನಡ ಕಲಿಸುವ ಅತಿಥಿ ಉಪನ್ಯಾಸಕಿ; ವಾರಕ್ಕೊಮ್ಮೆ ಪತ್ರಿಕೆಗೆ ಈ ಅಂಕಣವನ್ನೂ ಬರೆಯುತ್ತೇನೆ. ನನ್ನ ಕೈಯಲ್ಲಿದ್ದದ್ದು ಅವಳ ಈ ಸೆಮಿಸ್ಟರಿನ ಕೊನೆಯ ಪ್ರಬಂಧ. ವಿಷಯ: ಸಂತೆ. ಚುರುಕಾದ ವಾಕ್ಯಗಳು. ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುವ ಜಾಣತನ. ನಡುನಡುವೆ ಬ್ರಾಕೆಟ್ಟಿನಲ್ಲಿ ಒಂದು ಕೊಂಕು. ಕೊನೆಯಲ್ಲಿ ಚುಚ್ಚುವ ಒಂದು ಪ್ರಶ್ನೆ. ಕಾಗುಣಿತದ ಒಂದು ತಪ್ಪೂ ಇಲ್ಲ.

ಇಷ್ಟು ಚೆನ್ನಾಗಿದ್ದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ?

ಅದರಲ್ಲೂ ಇದೇ ಹುಡುಗಿಯ ಮೊದಲ ಪ್ರಬಂಧ ನನಗೆ ಚೆನ್ನಾಗಿ ನೆನಪಿತ್ತು. ಅದು ಅವಳ ಅವ್ವನ ಬಸ್ ಪ್ರಯಾಣದ ಕಥೆ. ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಆಧಾರ್ ಕಾರ್ಡ್ ತೋರಿಸಬೇಕಲ್ಲ. ಅವ್ವ ತೋರಿಸುತ್ತಾಳೆ. ಕಂಡಕ್ಟರ್ ಒಮ್ಮೆ ಫೋಟೋ ನೋಡುತ್ತಾನೆ, ಒಮ್ಮೆ ಮುಖ ನೋಡುತ್ತಾನೆ. “ಇದು ನೀನ ಏನಬೇ?” ಅನ್ನುತ್ತಾನೆ. ಅವ್ವ ಹೇಳುತ್ತಾಳೆ: “ಅಲ್ಲಪಾ, ನಮ್ಮತ್ತಿ. ಆಕೀನ ಇಲ್ಲೇ ಇಳಿಸು, ನನ್ನ ಕರ್ಕೊಂಡ್ ನಡಿ.”

ಆ ಪ್ರಬಂಧದಲ್ಲಿ ಪೂರ್ಣವಿರಾಮಗಳೇ ಇರಲಿಲ್ಲ. ಬಸ್ಸಿನಂತೆಯೇ ತುಂಬಿ ತುಳುಕುತ್ತಿತ್ತು. ಹತ್ತಕ್ಕೆ ನಾಲ್ಕು ಕೊಟ್ಟಿದ್ದೆ. ಅವ್ವನ ಮಾತಿನ ಕೆಳಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ, ‘ಬರಹದ ಭಾಷೆಯಲ್ಲಿ ಬರೆ’ ಎಂದು ಸೂಚಿಸಿದ್ದೆ.

ನಾಲ್ಕು ತಿಂಗಳಲ್ಲಿ ಅಲ್ಲಿಂದ ಇಲ್ಲಿಗೆ? ಹೇಗೆ?

ಸುಮ್ಮನೆ ಬಿಡಬಹುದಿತ್ತು. ಆದರೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಕಾಲೇಜುಗಳು ಸೇರಿ ನಡೆಸುವ ಪ್ರಬಂಧ ಸ್ಪರ್ಧೆಗೆ ನಮ್ಮಿಂದ ಒಂದೇ ಬರಹ ಹೋಗಬೇಕಿತ್ತು. ರೇಖಾಳದ್ದೇ ಹೋಗಬೇಕು. ನಾಳೆ ಅದು ನಕಲು ಎಂದಾದರೆ? ಅಥವಾ ನಕಲಲ್ಲದ್ದನ್ನು ನಾನೇ ನಕಲು ಎಂದುಬಿಟ್ಟರೆ? ‘ಕಾಪಿ ಹೊಡೆದ ಹುಡುಗಿ’ ಎಂಬ ಹೆಸರು ನಮ್ಮ ಕಡೆ ಬಸ್ಸಿಗಿಂತ ಮೊದಲು ಮನೆ ಮುಟ್ಟುತ್ತದೆ. ಅವಳ ಮನೆಯಲ್ಲಿ ಅಣ್ಣನೊಬ್ಬ ಕಾಲೇಜು ಬಿಡಿಸಲು ನೆಪ ಹುಡುಕುತ್ತಿದ್ದಾನೆ ಎಂಬುದೂ ನನಗೆ ಗೊತ್ತಿತ್ತು.

ಎದುರಿನ ಮೇಜಿನ ಪಾಟೀಲ ಸರ್ ಅರ್ಥಶಾಸ್ತ್ರದವರು. ಅವರಿಗೆ ಗೊಂದಲವೇ ಇರಲಿಲ್ಲ. “ಏನ್ ಇಷ್ಟ್ ವಿಚಾರ ಮಾಡ್ತೀರಿ ಮೇಡಂ? ಎಲ್ಲಾ ಮೊಬೈಲ್ ಬರೀತೈತಿ ಈಗ. ಮಾರ್ಕ್ಸ್ ಮೊಬೈಲಿಗೆ ಕೊಟ್ಟು, ಹುಡುಗಿಗೆ ಸೊನ್ನಿ ಹಾಕ್ರಿ.”

ನಾನು ಪತ್ತೇದಾರಿಕೆಗೆ ಇಳಿದೆ. ಅವಳ ಸಾಲುಗಳನ್ನು ಗೂಗಲ್‌ನಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. ಎಐ ಆ್ಯಪ್ ಒಂದನ್ನೇ, ‘ಇದು ನಿನ್ನ ಕೆಲಸವೇ?’ ಎಂದು ಕೇಳಿದೆ. ‘ಇರಬಹುದು’ ಎಂದಿತು. (ಕಳ್ಳನೇ ಹೀಗೆ ವಿನಯದಿಂದ ಉತ್ತರಿಸಿದರೆ ಪೊಲೀಸರು ಏನು ಮಾಡಬೇಕು?)

ಅದಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಆ ಬರಹವನ್ನು ನಾನು ಎಲ್ಲೋ ಓದಿದ್ದೇನೆ ಅನ್ನಿಸುತ್ತಿತ್ತು. ಎಲ್ಲಿ? ನೆನಪಾಗುತ್ತಿರಲಿಲ್ಲ.

ಹಾಗಾಗಿ ರೇಖಾಳನ್ನು ಕರೆದೆ. ಪ್ರಶ್ನೆ ಕೇಳಿದೆ.

“ಹೂಂನ್ರಿ, ನಾನ ಬರದೇನಿ” ಎಂದಳು. ಕಣ್ಣು ತುಂಬಲಿಲ್ಲ. ತಾನಾಗಿಯೇ ಮೊಬೈಲ್ ತೆಗೆದು ನನ್ನ ಮೇಜಿನ ಮೇಲಿಟ್ಟಳು. “ಇಲ್ಲೇ ಕುಂತು ಬರೀಲೇನ್ರಿ? ವಿಷಯ ನೀವ ಕೊಡ್ರಿ.”

ಬಸ್‌ಸ್ಟ್ಯಾಂಡ್ ಬಗ್ಗೆ ಬರೆ ಎಂದೆ. ಮೂಲೆಯ ಕುರ್ಚಿಯಲ್ಲಿ ಕುಳಿತು ಬರೆದಳು. ನಾನು ಬೇರೆ ಕೆಲಸ ಮಾಡುವವಳಂತೆ ನಟಿಸುತ್ತ ಅವಳ ಕೈಯನ್ನೇ ನೋಡಿದೆ.

ಬರಹ ಬಂತು. ಅದೇ ಚುರುಕು. ಅದೇ ಬ್ರಾಕೆಟ್ಟುಗಳು. ಕೊನೆಯಲ್ಲಿ ಅದೇ ಪ್ರಶ್ನೆ.

ಪಾಟೀಲ ಸರ್ ನನ್ನ ಹಿಂದೆ ಬಂದು ನಿಂತು ಓದಿದರು. ಕನ್ನಡಕ ಏರಿಸಿದರು. “ಇದು ನಿಮ್ಮ ಕಾಲಂ ಅಲ್ರೀ ಮೇಡಂ? ಬರೂ ವಾರದ್ದೇನು?”

ಎಲ್ಲಿ ಓದಿದ್ದೆ ಎಂಬುದು ಆಗ ತಿಳಿಯಿತು.

“ನನ್ನ ಅಂಕಣ ಓದ್ತೀಯೇನು?” ಎಂದೆ.

“ಇಲ್ರಿ. ನಮ್ಮ ಮನಿಗೆ ಪೇಪರ್ ಬರೂದಿಲ್ರಿ.”

“ಮತ್ತೆ ಹೀಗೆ ಬರೆಯೋದು ಎಲ್ಲಿ ಕಲಿತೆ?”

ಅವಳು ಪಾಟೀಲ ಸರ್ ಕಡೆ ಒಮ್ಮೆ ನೋಡಿ ಹೇಳಿದಳು: “ನೀವು ನಮ್ಮನ್ನ ಟೇಬಲ್ ಹಂತ್ಯಾಕ ಕರದು ತಿದ್ದತೀರಲ್ರಿ. ಆವಾಗ ನಿಮ್ಮ ಮಾರಿ ನೋಡ್ತಿದ್ದೆ. ನೀವು ನಗೂದ ಕಡಿಮಿ. ಬ್ರಾಕೆಟ್ ಬಂದಲ್ಲಿ ಚೂರು ನಗ್ತೀರಿ. ಕಡೀಕ ಪ್ರಶ್ನಿ ಇದ್ರ ರೈಟ್ ಹಾಕ್ತೀರಿ. ಅವ್ವನ ಮಾತು ಬಂದಲ್ಲಿ ಹುಬ್ಬು ಗಂಟ ಹಾಕ್ತೀರಿ. ಅದಕ್ಕ ಆಕೀನ್ನ ಬಿಟ್ಟೆ.”

ಪಾಟೀಲ ಸರ್ ಕೆಮ್ಮಿದರು. ನಾನು ಮುಖದ ಮೇಲೆ ಏನೂ ತೋರಗೊಡದವಳು ಎಂದುಕೊಂಡಿದ್ದೆ. ಒಂದಿಡೀ ತರಗತಿ ಅದನ್ನು ಪಠ್ಯಪುಸ್ತಕದಂತೆ ಓದುತ್ತಿತ್ತೇ?

ನಾವು ಮೊಬೈಲನ್ನು ಬೈಯುತ್ತೇವೆ, ಅದು ಎಲ್ಲರಿಂದಲೂ ಒಂದೇ ಥರ ಬರೆಸುತ್ತದೆ ಎಂದು. ಅದು ಬರುವ ಮೊದಲು ಆ ಕೆಲಸ ಮಾಡುತ್ತಿದ್ದವರು ಯಾರು? ಮಗು ಬಾಯಿಬಿಟ್ಟ ಕೂಡಲೇ ‘ಸರಿಯಾಗಿ ಮಾತಾಡು’ ಎನ್ನುವ ನಾವೇ ತಾನೆ? ‘ಸರಿ’ ಎಂದರೆ ಯಾರ ಹಾಗೆ ಎಂದು ಒಬ್ಬರಾದರೂ ಕೇಳಿದ್ದಾರೆಯೇ?

ರೇಖಾಳಿಗೆ ಹೇಳಿದೆ: ಸ್ಪರ್ಧೆಗೆ ಸಂತೆ ಬೇಡ, ಆ ಮೊದಲ ಪ್ರಬಂಧವನ್ನೇ ಕೊಡು. ಅವ್ವ ಮತ್ತು ಕಂಡಕ್ಟರ್.

ಈಗ ಅನುಮಾನದಿಂದ ನೋಡುವ ಸರದಿ ಅವಳದಾಯಿತು. “ಆವಾಗ ನಾಲ್ಕು ಮಾರ್ಕ್ಸ್ ಕೊಟ್ರಿ. ಈಗ ಅದ ಚಲೋ ಅಂತೀರಿ. ನಾ ಯಾವ ಮೇಡಂನ ನಂಬ್ಲಿ?”

“ಈಗಿನವಳನ್ನ” ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಹಳೆಯ ಹಾಳೆ ಯಾವತ್ತೋ ಹರಿದು ಹೋಗಿದೆ, ಹೊಸದಾಗಿ ಬರೆದು ತರುತ್ತೇನೆ ಎಂದು ಹೇಳಿ ಹೋದಳು.

ಸೋಮವಾರ ತಂದಳು. ಅಚ್ಚುಕಟ್ಟಾದ ಪ್ರಬಂಧ. ಪೂರ್ಣವಿರಾಮಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ. ನಾನು ನೇರ ಅವ್ವನ ಮಾತಿಗೆ ಹೋದೆ.

“ಇಲ್ಲ ತಮ್ಮಾ, ಚಿತ್ರದಲ್ಲಿರುವವರು ನನ್ನ ಅತ್ತೆಯವರು. ಅವರನ್ನು ಇಲ್ಲಿಯೇ ಇಳಿಸಿ, ನನ್ನನ್ನು ಕರೆದುಕೊಂಡು ಹೋಗಿ.” ಪಕ್ಕದಲ್ಲೇ ಒಂದು ಬ್ರಾಕೆಟ್.

“ಅವ್ವಗ ಓದಿ ತೋರಿಸಿದೆಯಾ?” ಎಂದೆ.

ರೇಖಾ ನಕ್ಕಳು. “ಹೂಂನ್ರಿ. ‘ಭಾಳ ಚಂದ ಮಾತಾಡ್ತಾಳ, ಯಾರಬೇ ಈ ಹೆಣ್ಮಗಳು?’ ಅಂದ್ಲು.”

ಇದು ರೇಖಾಳದ್ದಲ್ಲ ಎನ್ನಲು ಈ ಸಲ ಸಾಕ್ಷಿ ಪಕ್ಕಾ ಇದೆ. ಕೆಂಪು ಪೆನ್ನು ಯಾರ ಕೈಯಲ್ಲಿತ್ತು ಎಂದು ಬೇರೆ ಹೇಳಬೇಕೆ?