ಕದ್ದು ತಂದ ಐರಿಸ್

ಸಮೇತನಹಳ್ಳಿಗೆ ಬಂದ ಮೊದಲ ಬೆಳಿಗ್ಗೆ ಮುಖ ತೊಳೆಯಲು ನಲ್ಲಿ ತಿರುಗಿಸಿದರೆ ಬೆಚ್ಚನೆಯ ನೀರು ಬಂತು. ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದುಕೊಂಡೆ. ತಂಗಿ ಸರಸು ನಕ್ಕಳು. "ಬೋರ್‌ವೆಲ್ ನೀರು ಕಣಕ್ಕಾ. ಅಷ್ಟು ಆಳದಿಂದ ಬರುತ್ತಲ್ಲ, ಹಂಗೇ ಇರುತ್ತೆ." ಕೋತಗಿರಿಯಲ್ಲಿ ನಮ್ಮ ಬೆಳಗಿನ ನೀರಿಗೆ ಬೆರಳು ಮರಗಟ್ಟುವುದು ಅಲ್ಲೇ ಇರುವ ನಿಮಗೆಲ್ಲ ಗೊತ್ತು. ಇಲ್ಲಿ ಭೂಮಿಗೇ ಜ್ವರ ಬಂದಿದೆ ಅನ್ನಿಸಿತು.

ಯಾಕೆ ಬಂದೆ ಎಂಬುದನ್ನು ಒಂದೇ ಸಲ ಹೇಳಿ ಮುಗಿಸುತ್ತೇನೆ. ಆ ಮಳೆಗಾಲ ಗುಡ್ಡ ಕುಸಿದು ನಮ್ಮ ಮನೆಯನ್ನೂ, ಒಳಗೆ ಮಲಗಿದ್ದ ನಮ್ಮವರನ್ನೂ ತೆಗೆದುಕೊಂಡು ಹೋಯಿತು. ನಾನು ಹಾಲು ತರಲು ಹೋಗಿದ್ದೆ. ಅವರ ದೇಹ ಸಿಗಲಿಲ್ಲ. ಸಿಕ್ಕಿದ್ದು ಬೇಲಿಯುದ್ದಕ್ಕೂ ಅವರು ನೆಟ್ಟಿದ್ದ ನೇರಳೆ ಬಣ್ಣದ ಹೂ ಬಿಡುವ ಐರಿಸ್‌ನ ಮೂರು ಗೆಡ್ಡೆಗಳು. ಕೆಸರಿನಿಂದ ಕಿತ್ತು, ಹಳೆ ಬಟ್ಟೆಯಲ್ಲಿ ಸುತ್ತಿ ಇಲ್ಲಿಗೆ ತಂದೆ. ಅವರದು ಅಂತ ನನ್ನ ಹತ್ತಿರ ಉಳಿದದ್ದು ಅಷ್ಟೇ.

ಸರಸುವಿನ ಗಂಡ ರೇಷ್ಮೆ ಬಿಟ್ಟು ಹೊಸಕೋಟೆಯ ಕಾರ್ಖಾನೆಗೆ ಹೋಗುತ್ತಾರೆ. ಖಾಲಿಯಿದ್ದ ಹುಳದ ಮನೆಯನ್ನು, ಅಂದರೆ ರೇಷ್ಮೆಹುಳು ಸಾಕುತ್ತಿದ್ದ ಕೋಣೆಯನ್ನು, ನನಗೆ ಬಿಟ್ಟುಕೊಟ್ಟರು. ಗೋಡೆಗೆ ಇನ್ನೂ ಸುಣ್ಣದ, ಹಿಪ್ಪುನೇರಳೆ ಸೊಪ್ಪಿನ ವಾಸನೆ. ಇಲ್ಲಿಯವರ ಮಾತು ಕನ್ನಡವೇ, ಆದರೆ ಸುತ್ತುಬಳಸು ಇಲ್ಲ. "ಏನಕ್ಕಾ, ಗಂಡ ಮಣ್ಣಲ್ಲೇ ಹೋಗ್ಬಿಟ್ರಂತೆ?" ಎಂದು ಹೊಸ್ತಿಲಲ್ಲೇ ನಿಂತು ಕೇಳುತ್ತಾರೆ. ನಮ್ಮ ಕಡೆ ಮೊದಲು ಟೀ ಕೊಟ್ಟು, ಮಂಜಿನ ಮಾತಾಡಿ, ಆಮೇಲೆ ತಾನೇ ಸಾವಿನ ಮಾತು? ಮೈ ಉರಿಯುತ್ತಿತ್ತು.

ಗೆಡ್ಡೆ ನೆಟ್ಟು ಇನ್ನೂ ವಾರವಾಗಿರಲಿಲ್ಲ, ಒಂದರ ತುದಿಯನ್ನು ಯಾರೋ ಮುರಿದಿದ್ದರು.

"ಮುನಿರತ್ನಮ್ಮ ಇರ್ಬೇಕು" ಎಂದಳು ಸರಸು, ಏನೂ ಆಗದವಳ ಹಾಗೆ. ಮುನಿರತ್ನಮ್ಮ ಪಕ್ಕದ ಮನೆಯವರು, ಸೇವಂತಿಗೆ ಬೆಳೆದು ಹೊಸಕೋಟೆಗೆ ಕಳಿಸುವವರು. "ಕದ್ದ ಗಿಡ ಚೆನ್ನಾಗಿ ಹತ್ತುತ್ತೆ ಅಂತಾರೆ ಇಲ್ಲಿ. ಕೇಳಿ ಇಸ್ಕೊಂಡ್ರೆ ಬಾಡೋಗುತ್ತಂತೆ."

ನೆಟ್ಟಗೆ ಆಕೆಯ ಮನೆ ಮುಂದೆ ಹೋಗಿ ಕೂಗಾಡಿದೆ. ಕಳ್ಳಿ ಅಂದೆ. "ನೀರು ಸುರಿದರೆ ಸಾಯುತ್ತೆ ಅದು! ಅದರ ಬೆನ್ನು ಬಿಸಿಲಿಗಿರಬೇಕು! ನಿಮಗೇನು ಗೊತ್ತು?" ಆಕೆ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು.

ಆಮೇಲೆ ನಾನು ಜ್ವರದಲ್ಲಿ ಮಲಗಿದೆ. ಎಚ್ಚರವಿಲ್ಲದ ಆ ದಿನಗಳಲ್ಲಿ ಸರಸು ನನ್ನ ಗೆಡ್ಡೆಗಳನ್ನು ನೋಡಿಕೊಂಡಳು. ಅವಳದು ಅರಿಶಿನ ನೆಟ್ಟು ಪಳಗಿದ ಕೈ. ಮೇಲೆ ಮಣ್ಣು ಏರಿಸಿ, ಕೊಟ್ಟಿಗೆ ಗೊಬ್ಬರ ಹಾಕಿ, ದಿನಾ ನೀರು ಬಿಟ್ಟಳು. ನಾನೆದ್ದು ಮಣ್ಣು ಸರಿಸಿದಾಗ ಮೂರೂ ಕೊಳೆತು ಬೆರಳಿಗೆ ಅಂಟಿದವು. ಗುಡ್ಡ ಕುಸಿದ ದಿನದ ಕೆಸರಿನದೇ ವಾಸನೆ.

"ಚೆನ್ನಾಗಿ ಬರ್ಲಿ ಅಂತಾನೇ ಮಾಡಿದ್ದು ಅಕ್ಕಾ" ಎಂದು ಸರಸು ಅತ್ತಳು. ನಾನು ಸಮಾಧಾನ ಹೇಳಲಿಲ್ಲ. ನಮ್ಮವರು ಎರಡನೇ ಸಲ ಸತ್ತರು. ಇನ್ನು ಮಣ್ಣು ಮುಟ್ಟುವುದಿಲ್ಲ ಎಂದುಕೊಂಡು ಹುಳದ ಮನೆಯ ಬಾಗಿಲು ಹಾಕಿಕೊಂಡೆ. ಊಟ ಸೇರುತ್ತಿರಲಿಲ್ಲ. ಮುದ್ದೆ ತಣ್ಣಗಾಗಿ ಕಲ್ಲಾಗುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಮುನಿರತ್ನಮ್ಮ ಬಾಗಿಲಲ್ಲಿ ನಿಂತರು. "ಅಕ್ಕಾ, ನಮ್ಮ ಹಿತ್ಲು ಬಾಗ್ಲು ತೆಗ್ದೈತೆ. ನಾನು ಮುಂದ್ಗಡೆ ಹೂ ಕಟ್ತಾ ಕೂತಿರ್ತೀನಿ. ಹಿಂದಕ್ಕೆ ತಿರುಗಿ ನೋಡಲ್ಲ."

ಹೋದೆ. ಬತ್ತಿದ ಬಾವಿಯ ಕಟ್ಟೆ ಮೇಲೆ ಒಂದು ಒಡೆದ ಬಕೆಟ್ಟು, ಅದರಲ್ಲಿ ಕಲ್ಲುಚೂರು ಬೆರೆಸಿದ ಮಣ್ಣು, ಬೀಸಣಿಗೆ ಬಿಚ್ಚಿದ ಹಾಗೆ ನಿಂತ ಐರಿಸ್ ಎಲೆಗಳು. ಗೆಡ್ಡೆಯ ಬೆನ್ನು ಬಿಸಿಲಿಗಿತ್ತು. ನಾನು ಬೈದ ಬೈಗುಳದ ನಡುವಿನಿಂದ ಆಕೆ ಬೇಕಾದ್ದನ್ನು ಮಾತ್ರ ಆರಿಸಿಟ್ಟುಕೊಂಡಿದ್ದರು. ಅಲ್ಲೇ ಕುಸಿದು ಕೂತು ಅತ್ತೆ. ಗೆಡ್ಡೆಯಿಂದ ಒಂದು ಕವಲು ಮುರಿದುಕೊಂಡಾಗ ಲಟಕ್ ಎಂದಿತು.

"ಹಿತ್ಲಲ್ಲಿ ಏನೋ ಸದ್ದು, ಬೆಕ್ಕಿರ್ಬೇಕು" ಎಂದು ಮುಂದಿನಿಂದ ಮುನಿರತ್ನಮ್ಮ ಊರಿಗೇ ಕೇಳುವಂತೆ ಹೇಳಿದರು.

ಉಪಕಾರವಾಯಿತು ಎಂದು ಇವತ್ತಿಗೂ ಹೇಳಿಲ್ಲ. ಹೇಳಿದರೆ ಅದು ಕೊಟ್ಟ ಗಿಡವಾಗಿಬಿಡುತ್ತದೆ. ಸರಸು ಇಟ್ಟಿಗೆಚೂರು ಕುಟ್ಟಿ ಕುಂಡಕ್ಕೆ ಬೆರೆಸಿದಳು, ಅಡಕೆಯಷ್ಟು ದಪ್ಪದ ಚೂರು ಸಾಕೇ ಎಂದು ನನ್ನನ್ನೇ ಕೇಳಿ ಕೇಳಿ. ನೀರಿನ ಚೊಂಬನ್ನು ಹತ್ತಿರಕ್ಕೂ ತರಲಿಲ್ಲ.

ಹೋದ ವಾರ ನಿಮ್ಮಲ್ಲೊಬ್ಬರು ಫೋನ್ ಮಾಡಿದಿರಿ. ಕುಸಿದ ಮಣ್ಣಿನ ಮೇಲೆಲ್ಲ ಐರಿಸ್ ಎದ್ದು ಹೂ ಬಿಟ್ಟಿದೆ, ಒಂದು ಬುಟ್ಟಿ ಗೆಡ್ಡೆ ಕಿತ್ತು ಕಳಿಸಲಾ ಅಂದಿರಿ. ಬೇಡ ಅಂದೆ, ಕಾರಣ ಹೇಳಲಾಗಲಿಲ್ಲ. ಅವರು ಅದರ ಕೆಳಗೇ ಇದ್ದಾರೆ. ದಯವಿಟ್ಟು ಅಲ್ಲಿ ಅಗೆಯಬೇಡಿ.

ಇಲ್ಲಿ ನನ್ನ ಗಿಡ ಹೂ ಬಿಟ್ಟಿಲ್ಲ. ಈ ನೆಲಕ್ಕೆ ನಮ್ಮ ಚಳಿಯಿಲ್ಲ, ಬಿಡದೆಯೂ ಇರಬಹುದು. ಮುನಿರತ್ನಮ್ಮ ಗೋಡೆಯಾಚೆಯಿಂದ ದಿನಾ ಇಣುಕಿ "ಇವತ್ತೂ ಇಲ್ವಾ?" ಎನ್ನುತ್ತಾರೆ. ನನಗೆ ಅಲ್ಲಿಗೆ ಓಡಿಬರಬೇಕೆನ್ನಿಸುತ್ತದೆ, ಬಂದರೆ ಕುಂಡಕ್ಕೆ ಯಾರು ದಿಕ್ಕು ಎಂದೂ ಅನ್ನಿಸುತ್ತದೆ. ಈಗೀಗ ಹಿತ್ತಲ ಬಾಗಿಲಿಗೆ ಚಿಲಕ ಹಾಕುವುದು ಬಿಟ್ಟಿದ್ದೇನೆ.

ನೆನ್ನೆ ನೋಡಿದರೆ ಗೆಡ್ಡೆಯ ತುದಿ ಮುರಿದಿತ್ತು. ನಮ್ಮವರು ಯಾರ ಹಿತ್ತಲಿಗೆ ಹೋದರೋ, ನಾನು ಕೇಳಲಿಲ್ಲ.