ಬಿಳಿಗೆ ಶಾಯಿಯಿಲ್ಲ

ಮುದ್ರಣಾಲಯದಲ್ಲಿ ಅವಳನ್ನು ಎಲ್ಲರೂ ‘ಅರ್ಧ ಮಿಲ್ಲಿ’ ಎಂದೇ ಕರೆಯುತ್ತಿದ್ದರು. ಡಬ್ಬಿಯ ಲೇಬಲ್ಲಾಗಲಿ, ಔಷಧಿಯ ಪೆಟ್ಟಿಗೆಯಾಗಲಿ, ಗೆರೆ ಅರ್ಧ ಮಿಲ್ಲಿಮೀಟರ್ ಆಚೀಚೆಯಾದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಗಿರಾಕಿಗಳು ಮೊಬೈಲಿನಲ್ಲಿ ಕಳಿಸುವ ಮಸುಕು ಮಸುಕಾದ ಚಿತ್ರಗಳನ್ನು ಪರದೆಯ ಮೇಲೆ ಹಿಗ್ಗಿಸಿ, ಅಂಚಿನುದ್ದಕ್ಕೂ ಚುಕ್ಕಿಯಿಟ್ಟು, ಚುಕ್ಕಿಗಳ ನಡುವಿನ ಗೆರೆಯನ್ನು ಎಳೆದು ಬಾಗಿಸಿ, ಗೋಡೆಯಷ್ಟು ದೊಡ್ಡದು ಮಾಡಿದರೂ ಒಡೆಯದ ಚಿತ್ರವಾಗಿಸುವುದು ಅವಳ ಕೆಲಸ. ಆಮೇಲೆ ಅದನ್ನು ಅಚ್ಚಿಗೆ ಸಿದ್ಧಮಾಡಬೇಕು. ಕತ್ತರಿಸುವ ಯಂತ್ರ ಕೊಂಚ ಜಾರಿದರೂ ಬಿಳಿ ಅಂಚು ಇಣುಕದಂತೆ ಬಣ್ಣವನ್ನು ಸುತ್ತಲೂ ಹೊರಗೆ ಚಾಚಬೇಕು. ಇಂಥದ್ದನ್ನು ಮರೆತು ಫೈಲು ಕಳಿಸಿದವರು ಅವಳ ಬಾಯಿಗೆ ಸಿಕ್ಕರೆ ದೇವರೇ ಗತಿ.

ಇಷ್ಟು ಬಾಯಿಯ ಹೆಂಗಸು ಮನೆಗೆ ಬಂದರೆ ಬೆಕ್ಕಿನ ಮರಿ. ಮನೆಯಲ್ಲಿದ್ದವರು ಚಿಕ್ಕಮ್ಮ, ಹೆತ್ತತಾಯಿ ತೀರಿಕೊಂಡ ಮೇಲೆ ಅಪ್ಪ ಕಟ್ಟಿಕೊಂಡು ಬಂದ ಎರಡನೇ ಹೆಂಡತಿ. ಅಪ್ಪನೂ ಹೋದ ಮೇಲೆ ಇಬ್ಬರೂ ಒಂದೇ ಸೂರಿನಡಿ ಉಳಿದರು. ಜಗಳವಿಲ್ಲ, ಸಲಿಗೆಯೂ ಇಲ್ಲ. ಪರರ ಕೂಸನ್ನು ಎತ್ತಿಕೊಂಡವರು ಎಷ್ಟು ಜೋಪಾನವಾಗಿರುತ್ತಾರೋ ಚಿಕ್ಕಮ್ಮ ಅಷ್ಟು ಜೋಪಾನ. ಇವಳೂ ನೀವು, ತಾವು ಎಂದು ಮರ್ಯಾದೆಯಿಂದಲೇ ಮಾತಾಡುವವಳು. ಮಲತಾಯಿ ಎಂಬ ಮಾತನ್ನು ಇಬ್ಬರೂ ಆಡುತ್ತಿರಲಿಲ್ಲ. ಆಡದಿದ್ದರೆ ಕರಗುತ್ತದೆಯೇ? ಅದು ತನ್ನ ಪಾಡಿಗೆ ತಾನು ಮನೆಯ ಮೂಲೆಯಲ್ಲಿ ಕೂತೇ ಇತ್ತು.

ಚಿಕ್ಕಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ನಿಮ್ಮ ಕಟಿಂಗ್ ಎಲ್ಲವನ್ನೂ ಒಂದು ಪುಸ್ತಕ ಮಾಡಿ ಎಂದು ಕಲಿಯಲು ಬರುತ್ತಿದ್ದವರು ದುಂಬಾಲು ಬಿದ್ದರು. ನಿನಗೆ ಬಿಡುವಿದ್ದರೆ, ತೊಂದರೆಯಿಲ್ಲದಿದ್ದರೆ ಎಂದು ಚಿಕ್ಕಮ್ಮ ಇವಳನ್ನು ಕೇಳಿದ್ದು ನೆರೆಮನೆಯವರ ಹತ್ತಿರ ಏಣಿ ಕೇಳುವ ದನಿಯಲ್ಲಿ. ಇವಳಿಗೋ ಒಳಗೊಳಗೇ ಖುಷಿ. ಇಷ್ಟು ವರ್ಷ ಬಾಯಲ್ಲಿ ಹೇಳಲಾಗದ್ದನ್ನು ಈ ಪುಸ್ತಕವನ್ನು ಚೆಂದ ಮಾಡಿ ಹೇಳಿಬಿಡಬೇಕು ಎಂದು ಅವಳ ಆಸೆ.

ಸಂಜೆಗಳೆಲ್ಲ ಅದಕ್ಕೇ ಹೋದವು. ಕಂದು ಕಾಗದದಲ್ಲಿ ಕತ್ತರಿಸಿದ ತೋಳು, ಕಾಲರ್, ಜೇಬಿನ ಮಾದರಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿಕೊಂಡು ಇವಳು ಗೆರೆ ತಿದ್ದುವುದು, ಪಕ್ಕದ ಸ್ಟೂಲಿನಲ್ಲಿ ಕೂತು ಚಿಕ್ಕಮ್ಮ ನೋಡುವುದು. ಕಂಕುಳ ತಿರುವಿಗೆ ಇವಳು ಸಾಲಾಗಿ ಚುಕ್ಕಿಯಿಟ್ಟಾಗ, ಇಷ್ಟೊಂದು ಗುಂಡುಪಿನ್ನು ಚುಚ್ಚಿದರೆ ಬಟ್ಟೆ ಬಾಗುವುದಾದರೂ ಹೇಗೆ ಎಂದು ಚಿಕ್ಕಮ್ಮ ತಮಾಷೆ ಮಾಡಿದರು. ಇಬ್ಬರೂ ನಕ್ಕರು. ಜೊತೆಯಲ್ಲಿ ನಕ್ಕು ಎಷ್ಟು ಕಾಲವಾಗಿತ್ತೋ.

ಮುಖಪುಟಕ್ಕೆ ಮೊದಲು ತಿಳಿಹಳದಿ ಹಿನ್ನೆಲೆ, ಕಪ್ಪು ಅಕ್ಷರ ಎಂದಿತ್ತು. ಕಡೆಗಳಿಗೆಯಲ್ಲಿ ಚಿಕ್ಕಮ್ಮ ಬಹಳ ಸಂಕೋಚದಿಂದ, ತಮಗೆ ಕಡುಗೆಂಪು ಇಷ್ಟ ಎಂದರು. ಅದಕ್ಕೇನಂತೆ ಎಂದು ಇವಳು ಹಿನ್ನೆಲೆಗೆ ಕಡುಗೆಂಪು ತುಂಬಿದಳು. ಶೀರ್ಷಿಕೆಯನ್ನು ಹಳದಿಯಲ್ಲಿ ಹೊಸದಾಗಿ ಬರೆದಳು. ಕೆಳಗೆ ಚಿಕ್ಕಮ್ಮನ ಹೆಸರು, ಒಳಪುಟದಿಂದ ಎತ್ತಿಟ್ಟ ಕಪ್ಪು ಅಕ್ಷರ. ಅದಕ್ಕೆ ಬಿಳಿ ತುಂಬಿದಳು. ಚಿಕ್ಕಮ್ಮ ಪರದೆಯ ಮೇಲೆ ಬೆರಳಿಟ್ಟು ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಕೊಂಡರು. ಬೇರೆಯವರ ಫೈಲಾಗಿದ್ದರೆ ಇವಳು ಹತ್ತು ಸಲ ತಪಾಸಣೆ ಮಾಡಿ ಯಂತ್ರಕ್ಕೆ ಕಳಿಸುತ್ತಿದ್ದಳು. ಮನೆ ಕೆಲಸ ತಾನೇ ಎಂದು ಹಾಗೇ ಕಳಿಸಿಬಿಟ್ಟಳು.

ರಜೆಯ ದಿನ ಪುಸ್ತಕದ ಕಟ್ಟುಗಳು ಮನೆಗೆ ಬಂದವು. ಅವತ್ತೇ ಸೋದರತ್ತೆಯೂ ಬಂದಿದ್ದಳು. ಅಪ್ಪನ ಈ ಅಕ್ಕನಿಗೆ ಯಾರ ಮನೆಯಲ್ಲಾದರೂ ಹುಳುಕು ಹುಡುಕದಿದ್ದರೆ ನಿದ್ದೆ ಹತ್ತದು. ಕಟ್ಟು ಬಿಚ್ಚಿದವಳೂ ಅವಳೇ. ಕಡುಗೆಂಪು ಮುಖಪುಟ, ಹಳದಿ ಶೀರ್ಷಿಕೆ, ಕತ್ತರಿಯ ಚಿತ್ರ, ಎಲ್ಲ ಇತ್ತು. ಅದರ ಕೆಳಗೆ ಬರೀ ಕೆಂಪು.

“ಬರೆದವಳ ಹೆಸರೇ ಇಲ್ವಲ್ಲ,” ಎಂದಳು ಅತ್ತೆ. “ಮಲಮಗಳ ಕೈಗೆ ಕೊಟ್ರೆ ಇನ್ನೇನಾಗುತ್ತೆ.”

ಏನಾಗಿದೆಯೆಂದು ಇವಳಿಗೆ ಆ ಕ್ಷಣಕ್ಕೇ ಹೊಳೆಯಿತು. ಪರದೆಯಲ್ಲಿ ಇತ್ತು, ಅಚ್ಚಿನಲ್ಲಿ ಹೋಯಿತು ಎಂದು ತಡವರಿಸಿದಳು. ಹೌದಮ್ಮ, ಕಂಪ್ಯೂಟರೇ ತಿಂದುಹಾಕಿತು ಎಂದು ಅತ್ತೆ ಗಾಯಕ್ಕೆ ಉಪ್ಪು ಸವರಿದಳು. ನಿಜ ಹೇಳುತ್ತಿದ್ದರೂ ಅದು ಇವಳ ಕಿವಿಗೇ ಹಸಿಸುಳ್ಳಿನಂತೆ ಕೇಳಿತು. ಚಿಕ್ಕಮ್ಮ ಮುಖಪುಟವನ್ನು ಅಂಗೈಯಿಂದ ಸವರಿ, ಪರವಾಗಿಲ್ಲ, ಚೆನ್ನಾಗೇ ಬಂದಿದೆ ಎಂದರು. ಆ ‘ಪರವಾಗಿಲ್ಲ’ ಕೇಳಿದ್ದೇ ಇವಳಿಗೆ ಎಲ್ಲ ಅರ್ಥವಾಯಿತು. ಬೇಕೆಂದೇ ಮಾಡಿದ್ದಾಳೆ ಎಂದು ನಂಬಿದ್ದಾರೆ, ನಂಬಿ ಕ್ಷಮಿಸಿಯೂ ಬಿಟ್ಟಿದ್ದಾರೆ.

ಅತ್ತೆ ಹೊರಟ ತಕ್ಷಣ ಅವಳು ಚಿಕ್ಕಮ್ಮನನ್ನು ಕೈಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದಳು. ಪರದೆಯಲ್ಲಿ ಹೆಸರು ಇತ್ತು. ಅಚ್ಚಿನಲ್ಲಿ ಹೇಗೆ ಬರುತ್ತದೆಂದು ತೋರಿಸುವ ಒಂದು ಗುರುತನ್ನು ಒತ್ತಿದಳು, ಹೆಸರು ಮಾಯವಾಯಿತು. ಮತ್ತೆ ಒತ್ತಿದಳು; ಬಂತು. ನಮ್ಮ ಯಂತ್ರದಲ್ಲಿ ಬಿಳಿ ಶಾಯಿ ಇಲ್ಲವೇ ಇಲ್ಲ ಎಂದು ವಿವರಿಸಿದಳು. ಬಿಳಿ ಎಂದರೆ ಕಾಗದವೇ. ಕೆಂಪಿನಲ್ಲಿ ಬಿಳಿ ಅಕ್ಷರ ಬೇಕಾದರೆ ಅಕ್ಷರದ ಆಕಾರಕ್ಕೆ ಕೆಂಪನ್ನು ಕೊರೆದು ಜಾಗ ಬಿಡಬೇಕು. ಕಪ್ಪಿಗೆ ಆ ಗೊಡವೆಯಿಲ್ಲ, ಯಾವ ಬಣ್ಣದ ಮೇಲೂ ಕೂರುತ್ತದೆ. ಆದ್ದರಿಂದ ಒಳಪುಟದ ಕಪ್ಪು ಅಕ್ಷರಗಳಿಗೆ ಕೆಳಗಿನ ಬಣ್ಣವನ್ನು ಕೊರೆಯಬೇಡ ಎಂದು ಫೈಲಿನಲ್ಲೇ ಯಂತ್ರಕ್ಕೆ ಹೇಳಿಟ್ಟಿತ್ತು. ಆ ಅಪ್ಪಣೆಯನ್ನು ತೆಗೆಯದೆ ಅವಕ್ಕೇ ಇವಳು ಬಿಳಿ ತುಂಬಿದ್ದಳು. ಶಾಯಿಯೂ ಇಲ್ಲ, ಜಾಗವೂ ಇಲ್ಲ.

ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಆ ಗುರುತನ್ನು ತಾವೇ ಒತ್ತಿ ನೋಡಿದರು. “ಅಂದ್ರೆ ಗುಂಡಿ ಇಟ್ಟು ಕಾಜಾ ಕತ್ತರಿಸೋದನ್ನ ಮರೆತಿದೀಯ.”

ಅವಳು ತಲೆಯಾಡಿಸಿದಳು. ಮುಖಪುಟ ಮತ್ತೆ ಅಚ್ಚು ಹಾಕಿಸುತ್ತೇನೆ ಎಂದಳು.

“ನೀನು ಬೇಕಂತ ತೆಗೆದಿದ್ರೂ ನಾನು ಏನೂ ಅಂತಿರ್ಲಿಲ್ಲ,” ಎಂದರು ಚಿಕ್ಕಮ್ಮ ಮೆಲ್ಲಗೆ. “ನಿನಗೆ ಆ ಹಕ್ಕಿದೆ ಅಂದ್ಕೊಂಡೆ.”

ಅಲ್ಲಿಗೆ ಅವಳ ಕಟ್ಟೆಯೊಡೆಯಿತು. “ಅನ್ನಬೇಕಿತ್ತು. ಚಿಕ್ಕವಳಿದ್ದಾಗ ಶಾಲೆ ಬಾಗಿಲಲ್ಲಿ ಎಲ್ಲರ ಮುಂದೆ, ಇವರು ನಮ್ಮಮ್ಮ ಅಲ್ಲ ಅಂದೆ. ಅವತ್ತೂ ನೀವು ಬೈಲಿಲ್ಲ. ಬೇರೆ ಹುಡುಗೀರಿಗೆಲ್ಲ ಅವರಮ್ಮಂದಿರು ಬೈತಿದ್ರು. ನೀವು ಯಾವಾಗ ಬೈತೀರ ಅಂತ ನಾನು ಕಾಯ್ತಾನೇ ಇದ್ದೆ.”

ಚಿಕ್ಕಮ್ಮ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

“ಊರವರ ಕೆಲಸ ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀಯ, ನನ್ನ ಕೆಲಸ ಅಂದ್ರೆ ಅಷ್ಟು ಸದರನಾ ನಿನಗೆ? ನನ್ನ ಹೆಸರು ಅಚ್ಚಲ್ಲಿ ನೋಡಬೇಕು ಅಂತ ಬೆಳಿಗ್ಗೆಯಿಂದ ಬಾಗಿಲು ಕಾಯ್ಕೊಂಡು ನಿಂತಿದ್ದೆ ಕಣೇ ನಾನು.”

ಆ ‘ಕಣೇ’ ಇಷ್ಟು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ದನಿ ಮೊದಮೊದಲು ನಡುಗಿತು, ಆಮೇಲೆ ಹದಕ್ಕೆ ಬಂತು. ಬೈಗುಳ ಮುಖಪುಟದಿಂದ ಹೊರಟು ಹಾಸಿಗೆಯ ಮೇಲೆ ಎಸೆದ ಹಸಿ ಟವೆಲ್ಲಿಗೆ, ಆರಿಸದೆ ಹೋದ ದೀಪಕ್ಕೆ, ಸರಿಯಾಗಿ ತಿನ್ನದೆ ಸೊರಗಿದ ಮೈಗೆ ಎಲ್ಲ ಕಡೆಗೂ ಹರಿಯಿತು. ಮುದ್ರಣಾಲಯವನ್ನೇ ನಡುಗಿಸುತ್ತಿದ್ದವಳು ಒಂದಕ್ಕೂ ಎದುರಾಡದೆ, ಸೆರಗಿಲ್ಲದ್ದಕ್ಕೆ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತ ನಿಂತು, ಅಷ್ಟನ್ನೂ ಕೇಳಿಸಿಕೊಂಡಳು.