ಬ್ರೇಕಿಗೆ ಕೀಲೆಣ್ಣೆ

ನಮ್ಮ ಕಾರು ನಿಂತರೆ ಶಿವಮೊಗ್ಗದ ದುರ್ಗಿಗುಡಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು.

ಉತ್ಪ್ರೇಕ್ಷೆಯಲ್ಲ. ಗೋವಿಂದೋಜಿ ಬ್ರೇಕು ಒತ್ತಿದನೋ, ಮುಂದಿನ ಚಕ್ರಗಳಿಂದ ‘ಕೀಂಯ್ಯ್’ ಎಂದು ಸದ್ದು. ಸ್ಲೇಟಿನ ಮೇಲೆ ಮೊಳೆ ಎಳೆದ ಹಾಗೆ. ಕ್ಲಬ್ಬಿನಲ್ಲಿ ಇಸ್ಪೀಟು ಕಲಸುತ್ತಿದ್ದವರು ತಲೆ ಎತ್ತದೆಯೇ “ಬಂದ್ರಪ್ಪಾ ಟಿಂಬರ್ ರಾಯರು” ಅನ್ನುತ್ತಿದ್ದರು. (ನಾನು ಮರದ ವ್ಯಾಪಾರದವನು. ಊರಿಗೆ ನನ್ನ ಹೆಸರು ಮರೆತೇಹೋಗಿದೆ.)

ಗೋವಿಂದೋಜಿ ಆರು ವರ್ಷದಿಂದ ನನ್ನ ಡ್ರೈವರು. ಮಾತು ಕಡಿಮೆ, ಕೈ ಶುದ್ಧ.

“ಯಜಮಾನ್ರೆ, ಲೈನಿಂಗು ಸವೆದಿರ್ಬೇಕು. ಭದ್ರಾವತಿಲಿ ಮುನಿಸ್ವಾಮಿ ಹತ್ರ ಚಕ್ರ ಬಿಚ್ಚಿಸಿ ನೋಡೋಣ” ಎಂದು ಮೂರು ಸಲ ಹೇಳಿದ.

ಮೂರು ಸಲವೂ ನಾನು ಮೀಸೆಯೊಳಗೇ ನಕ್ಕೆ. ಅವನ ಹೆಂಡತಿಯ ತವರು ಭದ್ರಾವತಿ. ಶಿವಮೊಗ್ಗದ ಕಾರಿಗೆ ಬಂದ ಕಾಯಿಲೆಗೆಲ್ಲ ಮಾವನ ಮನೆಯ ಊರಿನಲ್ಲೇ ಮದ್ದು ಸಿಗುತ್ತದೆಯೇ? ನನಗೆ ಅಷ್ಟೂ ತಿಳಿಯುವುದಿಲ್ಲವೇ?

ತಿಳಿಯುತ್ತಿತ್ತು ಎಂಬುದೇ ನನ್ನ ರೋಗ. ಹೈಸ್ಕೂಲು ಓದಿದ್ದೇನೆ, ನಿಜ. ಆದರೆ ಹುಟ್ಟಿ ಬೆಳೆದದ್ದು ಗಾಡಿಗಳ ನಡುವೆ. ಕಾಡಿನಿಂದ ಮರದ ನಾಟಾ ಸಾಗಿಸಲು ನಮ್ಮ ತಂದೆಯವರು ಹನ್ನೆರಡು ಜೋಡಿ ಎತ್ತಿನ ಗಾಡಿ ಇಟ್ಟಿದ್ದರು. ಚಕ್ರ ಕಿರುಗುಟ್ಟಿತೋ, ಗಾಡಿಯವನು ಕೆಳಗಿಳಿದು ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ. ಅಂದರೆ ಮಸಿ ಕಲಸಿದ ಹರಳೆಣ್ಣೆ. ಸದ್ದು ಬಂದ್! ಚಕ್ರ ಅಂದಮೇಲೆ ಎತ್ತು ಎಳೆದರೇನು, ಪೆಟ್ರೋಲು ಎಳೆದರೇನು?

ಒಂದು ಮಧ್ಯಾಹ್ನ ಗೋವಿಂದೋಜಿ ಊಟಕ್ಕೆ ಹೋಗಿದ್ದ. ನಾನು ಅಡುಗೆಮನೆಯಿಂದ ಹರಳೆಣ್ಣೆ ತಂದೆ, ಶೆಡ್ಡಿನಲ್ಲಿ ಗೋಣಿ ಹಾಸಿದೆ, ಪಂಚೆ ಎತ್ತಿ ಕಟ್ಟಿ ಅಂಗಾತ ಮಲಗಿದೆ. ಚಕ್ರದ ಒಳಮಗ್ಗುಲಲ್ಲಿ ಕಬ್ಬಿಣದ ಡ್ರಮ್ಮು, ಅದರ ಅಂಚಿನಲ್ಲಿ ಸಣ್ಣ ಸಂದು. ಕೋಳಿ ಪುಕ್ಕ ಅದ್ದಿ ಅದ್ದಿ ಅಲ್ಲಿಗೆ ಎಣ್ಣೆ ಕುಡಿಸಿದೆ. ಎರಡು ಚಕ್ರಕ್ಕೂ. ಧಾರಾಳವಾಗಿ.

ಸಂಜೆ ಕ್ಲಬ್ಬಿನವರೆಗೆ ಹೋದರೆ ಸದ್ದೇ ಇಲ್ಲ! ನಾಯಿಗಳು ಮಲಗಿಯೇ ಇದ್ದವು. ಗೋವಿಂದೋಜಿ ಮಾತ್ರ ಹುಬ್ಬು ಗಂಟಿಕ್ಕಿ, “ಪೆಡಲ್ಲು ಯಾಕೋ ಸರಿ ಇಲ್ಲ ಯಜಮಾನ್ರೆ, ಜಾರಿದ ಹಾಗಿದೆ” ಅಂದ.

“ಸದ್ದು ಮಾಡಿದ್ರೂ ತಪ್ಪು, ಮಾಡದಿದ್ರೂ ತಪ್ಪೇನಯ್ಯಾ?” ಅಂದೆ. ನಾನು ಮಾಡಿದ ವೈದ್ಯ ಹೇಳಲಿಲ್ಲ. ಮಾರನೆಯ ದಿನ ಭದ್ರಾವತಿಗೆ, ನಮ್ಮ ಬೀಗರ ಮನೆಗೆ ಹೋಗುವುದಿತ್ತು; ಅಲ್ಲಿ ಎಲ್ಲರೂ ಕೂತಾಗ ಹೇಳಿ ಹೊಗಳಿಸಿಕೊಳ್ಳೋಣ ಎಂದು ಇಟ್ಟುಕೊಂಡೆ.

ಮಾರನೆಯ ದಿನ ನಿಧಾನವಾಗಿಯೇ ಹೊರಟೆವು. ಭದ್ರಾವತಿಯ ಓಲ್ಡ್ ಟೌನಿನ ಇಳಿಜಾರಿನಲ್ಲಿ ಅಡ್ಡಕ್ಕೆ ಒಂದು ಹುಲ್ಲಿನ ಗಾಡಿ ಬಂತು. ಗೋವಿಂದೋಜಿ ಪೆಡಲ್ಲು ಒತ್ತಿದ. ಕಾರಿಗೆ ಅದು ಗೊತ್ತೇ ಆಗಲಿಲ್ಲ. ಎರಡು ಕಡೆಯೂ ಜನ. ಅವನು ಹ್ಯಾಂಡ್‌ಬ್ರೇಕು ಎಳೆದು, ಎತ್ತುಗಳನ್ನು ತಪ್ಪಿಸಿ, ಕಾರಿನ ಮೂತಿಯನ್ನು ಸೀದಾ ಹುಲ್ಲಿನ ಹೊರೆಗೆ ತೂರಿಸಿದ. ಯಾರಿಗೂ ಒಂದು ಗೀರು ಆಗಲಿಲ್ಲ. ಇನ್ನೊಬ್ಬ ಡ್ರೈವರಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಜೀವ ಉಳಿಸಿದವನಿಗೆ ನಾನು ಏನೆಂದೆ? ಇಳಿದು, ರುಮಾಲಿನ ಮೇಲಿನ ಹುಲ್ಲು ಕೊಡವುತ್ತಾ, ಅಷ್ಟು ಜನರ ಎದುರಿಗೆ, “ಕಣ್ಣು ಎಲ್ಲಿಟ್ಟಿದ್ಯೋ?” ಅಂದೆ.

ಕಾರನ್ನು ತಳ್ಳಿಸಿಕೊಂಡು ಮುನಿಸ್ವಾಮಿಯ ಗ್ಯಾರೇಜಿಗೆ ಹೋದೆವು. ಆತ ಚಕ್ರ ಬಿಚ್ಚಿ, ಡ್ರಮ್ಮು ಕಳಚಿ, ಒಳಗೆ ಬೆರಳಾಡಿಸಿ ಮೂಸಿದ.

“ಅಯ್ಯಯ್ಯೋ ಸಾಮಿ! ಇದೇನು ಬ್ರೇಕಾ, ಬಾಣಂತಿ ತಲೆಯಾ? ಯಾರ್ ಹಾಕಿದ್ದು ಎಣ್ಣೆ?”

ಆಮೇಲೆ ತೋರಿಸಿದ. ಒಳಗೆ ಡ್ರಮ್ಮನ್ನು ಒತ್ತಿ ಹಿಡಿಯುವ ಲೈನಿಂಗು ಪಟ್ಟಿ ಸವೆದು ಎಲೆಯಷ್ಟು ತೆಳ್ಳಗಾಗಿತ್ತು. ಅದನ್ನು ಹಿಡಿದಿದ್ದ ರಿವೆಟ್ಟುಗಳು ತಲೆ ಎತ್ತಿ, ಡ್ರಮ್ಮನ್ನು ಕೆರೆದು, ಗ್ರಾಮಫೋನು ಪ್ಲೇಟಿನ ಹಾಗೆ ಗೆರೆ ಹಾಕಿದ್ದವು. “ಇದು ಸಾಮಿ ನಿಮ್ಮ ಸದ್ದು. ಬಿಗಿಯಾಗಿ ಹಿಡೀಬೇಕಾದ್ದಕ್ಕೆ ಎಣ್ಣೆ ಹಾಕಿದ್ರೆ ಅದು ಎಲ್ಲಿ ಹಿಡಿಯುತ್ತೆ? ಯಾವ ಕತ್ತೆ ಮಾಡಿದ್ದು ಈ ಕೆಲಸ?”

ಗೋವಿಂದೋಜಿ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲೆ ನೇತುಹಾಕಿದ್ದ ಹಳೆಯ ಟೈರು ನೋಡಿದೆ.

“ನಾನೇ ಕಣಣ್ಣ. ತಿಳೀದೆ ಮಾಡ್ಬಿಟ್ಟೆ” ಎಂದ ಗೋವಿಂದೋಜಿ.

ಆಗ ಬಾಯಿ ಬಿಡಬಾರದಿತ್ತೇ ನಾನು? ಬಿಟ್ಟೆ. “ಹೋಗ್ಲಿ ಬಿಡು, ಈ ಸಲ ಕ್ಷಮಿಸಿದೀನಿ” ಅಂದೆ! ಮುನಿಸ್ವಾಮಿ ನನಗೆ ಕೈ ಮುಗಿದ. ಅಂಥ ದೊಡ್ಡ ಮನಸ್ಸು ನನ್ನದು.

ಮನೆಯಲ್ಲಿ ಮಾತ್ರ ಗುಟ್ಟು ಉಳಿಯಲಿಲ್ಲ. “ಹರಳೆಣ್ಣೆ ತಂಬಿಗೆ ಬರಿದಾಗಿದೆ, ನಿಮ್ಮ ಬೋಳು ತಲೆಗೆ ಅಷ್ಟು ಹಿಡಿಸಲ್ಲ. ಯಾವುದಕ್ಕೆ ಸುರಿದ್ರಿ ಮಾರಾಯ್ರೆ?” ಎಂದು ನನ್ನ ಹೆಂಡತಿ ಕೇಳಿ, ಅವಳೇ ಉತ್ತರವನ್ನೂ ಕಂಡುಕೊಂಡಳು.

ಇದೆಲ್ಲ ಆಗಿ ಮೂರು ತಿಂಗಳು. ಈಗ ಯುದ್ಧದ ದೆಸೆಯಿಂದ ಪೆಟ್ರೋಲಿಗೆ ಕೂಪನ್ನು. ಕಾರು ಶೆಡ್ಡು ಸೇರಿದೆ. “ಬೇರೆ ಕಡೆ ನೋಡ್ಕೋಪ್ಪ” ಎಂದು ನಾನೇ ಗೋವಿಂದೋಜಿಗೆ ಹೇಳಿದೆ. ಇಲ್ಲಿನ ಬಸ್ಸಿನ ಸಾಹುಕಾರರೊಬ್ಬರಲ್ಲಿ ಡ್ರೈವರ್ ಜಾಗ ಖಾಲಿ ಇತ್ತು. ಹೋಗಿ ಕೇಳಿದ.

ಮೊನ್ನೆ ಸೋಮವಾರ ಆ ಸಾಹುಕಾರರು ಕ್ಲಬ್ಬಿನಲ್ಲಿ ನನ್ನನ್ನು ಹಿಡಿದರು. “ರಾಯರೆ, ಭದ್ರಾವತಿಯ ಮುನಿಸ್ವಾಮಿ ಹೇಳಿದ. ನಿಮ್ಮ ಗೋವಿಂದೋಜಿ ಅಂದ್ರೆ ಬ್ರೇಕಿಗೆ ಎಣ್ಣೆ ಹಾಕಿದ ಮಹಾನುಭಾವ ಅಲ್ವೇ?”

ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. “ಮನುಷ್ಯ ಒಳ್ಳೆಯವನು...” ಎಂದು ಎಳೆದೆ.

“ಘಾಟಿ ಇಳಿಯುವಾಗ ಒಳ್ಳೆಯತನ ಬಸ್ಸು ನಿಲ್ಲಿಸುತ್ತೇನ್ರೀ? ಶನಿವಾರದೊಳಗೆ ಬೇರೆಯವನನ್ನ ನೋಡ್ತೀನಿ” ಅಂದರು.

ಮನೆಯಲ್ಲಿ ಇದನ್ನು ಹೇಳಿದೆ. ರಾತ್ರಿಯ ಊಟ ಬಡಿಸುತ್ತಾ ನನ್ನ ಹೆಂಡತಿ ಕೇಳಿದಳು: “ವಾರ ವಾರ ಪತ್ರಿಕೆಯಲ್ಲಿ ಊರಿಗೆಲ್ಲ ಬುದ್ಧಿ ಹೇಳ್ತೀರಲ್ಲ, ಅಲ್ಲಿ ಇದಕ್ಕೆ ಜಾಗ ಇಲ್ವೇನು?”

ಇದೆ. ಇಗೋ ಬರೆದೆ. ಸಾಹುಕಾರರೇ, ನೀವು ಈ ಪತ್ರಿಕೆ ಗುರುವಾರ ಬೆಳಿಗ್ಗೆ ಕಾಫಿಯ ಜೊತೆ ಓದುತ್ತೀರಿ ಎಂದು ಬಲ್ಲೆ. ಆ ಕತ್ತೆ ನಾನು. ಗೋವಿಂದೋಜಿ ನಿಮ್ಮ ಬಸ್ಸಿಗೆ ಸಿಕ್ಕರೆ ಅದು ನಿಮ್ಮ ಪ್ರಯಾಣಿಕರ ಪುಣ್ಯ. ಶನಿವಾರಕ್ಕೆ ಇನ್ನೂ ಎರಡು ದಿನವಿದೆ.

ಉಳಿದದ್ದು ಇನ್ನೊಂದು. ಗೋವಿಂದೋಜಿಗೆ ಓದು ಬಾರದು. ನಾನೇ ಅವನ ಮನೆಗೆ ಹೋಗಿ, ಅವನ ಹೆಂಡತಿಯ ಎದುರಿಗೆ, ಇದನ್ನು ಗಟ್ಟಿಯಾಗಿ ಓದಬೇಕು. ಓದುವಾಗ ಕಣ್ಣು ಕಾಗದದ ಮೇಲಿರುತ್ತದಲ್ಲ, ಸದ್ಯಕ್ಕೆ ನನಗಿರುವ ಧೈರ್ಯ ಅದೊಂದೇ.